ಕುಕ್ಕರ್ ಎಷ್ಟು ಸಲ ಕೂಗಿತು?

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗಳು ಒಂದು ಭಾನುವಾರ ಫೋನ್ ಮಾಡಿ, "ಚಿಕ್ಕಪ್ಪ, ನಿಮ್ಮನೆಗೆ ಮೂರು ದಿನದ ಮಟ್ಟಿಗೆ ಒಬ್ಬ ಹುಡುಗೀನ ಕಳಿಸ್ತೀನಿ. ನಮ್ಮ ಆಫೀಸಿನವಳೇ. ಏನೂ ತೊಂದರೆ ಕೊಡಲ್ಲ. ಅಡುಗೆಮನೆ ಮೂಲೇಲಿ ಸುಮ್ನೆ ಕೂತಿರ್ತಾಳೆ, ಅಷ್ಟೆ" ಎಂದಳು.

ಫೋನು ಸ್ಪೀಕರಿನಲ್ಲಿತ್ತು. ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆಯೇ, "ಸುಮ್ನೆ ಕೂತ್ಕೊಳ್ಳೋದಕ್ಕೆ ಸಂಬಳ ಕೊಡ್ತಾರಾ? ಹಾಗಿದ್ರೆ ನಮ್ಮನೇಲೇ ಒಬ್ಬರು ರಿಟೈರ್ ಆಗಿ ಆರು ವರ್ಷದಿಂದ ಅದೇ ಅಭ್ಯಾಸ ಮಾಡ್ತಿದಾರೆ, ಅವರನ್ನೂ ಸೇರಿಸ್ಕೊಳ್ಳೋಕೆ ಹೇಳು" ಎಂದಳು.

ವಿಷಯ ಇಷ್ಟು. ಪಾತ್ರೆಪಗಡ ಮಾಡುವ ಒಂದು ಕಂಪನಿ ಹೊಸ ಕುಕ್ಕರ್ ತರುವ ಯೋಚನೆಯಲ್ಲಿತ್ತು. ತರುವ ಮೊದಲು ಜನ ಹಳೆಯ ಕುಕ್ಕರನ್ನು ಹೇಗೆ ಬಳಸುತ್ತಾರೆ ಎಂದು ತಿಳಿಯಬೇಕಿತ್ತು. ಕೇಳಿ ತಿಳಿಯುವುದಲ್ಲ, ಕೂತು ನೋಡಿ ತಿಳಿಯುವುದು. ಈ ವಿದ್ಯೆಗೆ ಎತ್ನೋಗ್ರಫಿ ಎಂದು ಹೆಸರಂತೆ. ಪುಸ್ತಕದ ಕನ್ನಡದಲ್ಲಿ ಇದನ್ನು ಜನಾಂಗವರ್ಣನೆ ಎಂದು ಬರೆಯುತ್ತಾರೆ. ಆ ಮಾತು ಕೇಳಿದರೆ ಬ್ರಿಟಿಷರ ಕಾಲದ ಯಾವನೋ ಅಧಿಕಾರಿ ಟೇಪು ಹಿಡಿದು ನಮ್ಮ ಮೂಗಿನ ಉದ್ದ ಅಳೆಯಲು ಬಂದ ಹಾಗಾಗುತ್ತದೆ. ಆದ್ದರಿಂದ ಹೆಂಡತಿಗೆ ಆ ಪದ ಹೇಳಲಿಲ್ಲ. "ಕುಕ್ಕರ್ ನೋಡೋಕೆ ಬರ್ತಾಳೆ" ಎಂದೆ. "ಹೆಣ್ಣು ನೋಡೋಕೆ ಬರೋದು ಕೇಳಿದ್ದೆ" ಎಂದಳು.

ಆ ಮಾತಿನಲ್ಲಿ ಅವಳಿಗೇ ತಿಳಿಯದ ಸತ್ಯವೊಂದಿತ್ತು. ಹೆಣ್ಣು ನೋಡುವ ದಿನ ಕಾಣುವುದೇನು? ಉಪ್ಪಿಟ್ಟು, ಕೇಸರಿಬಾತು, ಗೋಡೆಗೆ ಹೊಸ ಕ್ಯಾಲೆಂಡರು, ಗಟ್ಟಿಯಾಗಿ ಮಾತಾಡದ ಮಾವಂದಿರು. ಅಲ್ಲಿ ಕಂಡದ್ದನ್ನು ನಂಬಿ ಸಂಸಾರ ಹೂಡಿದವರ ಪಾಡು ಬೇರೆ ಹೇಳಬೇಕಿಲ್ಲ. ನಮ್ಮ ತಂದೆಯವರು ಇದನ್ನು ಚೆನ್ನಾಗಿ ಬಲ್ಲವರು. ನನ್ನ ಅಕ್ಕನಿಗೆ ಗಂಡು ಗೊತ್ತುಮಾಡುವಾಗ ಅವರು ಹುಡುಗನ ಮನೆಗೆ ಹೋಗುವುದಕ್ಕೆ ಎರಡು ವಾರ ಮೊದಲೇ ಅದೇ ಬೀದಿಯ ತುದಿಯಲ್ಲಿದ್ದ ಹೋಟೆಲಿಗೆ ಹೋಗಿ ಕೂತರು. ಎರಡು ಕಾಫಿ ಕುಡಿದರು. ಹಾಲಿನವನನ್ನು ಮಾತಾಡಿಸಿದರು. ಮಾರನೆಯ ದಿನ ಬೆಳಗ್ಗೆ ಆರಕ್ಕೇ ಆ ಮನೆಯ ಮುಂದೆ ಹಾದುಹೋಗಿ, ಹುಡುಗ ಎದ್ದಿದ್ದಾನೋ, ತಾಯಿ ಬಾಗಿಲಿಗೆ ನೀರು ಹಾಕುವಾಗ ಕೊಡ ಯಾರ ಕೈಯಲ್ಲಿತ್ತು, ಎಲ್ಲ ನೋಡಿಕೊಂಡು ಬಂದರು. ಕೊಡ ಹುಡುಗನ ಕೈಯಲ್ಲಿತ್ತು. ಮದುವೆ ಆಯಿತು. ಅಕ್ಕ ಸುಖವಾಗಿದ್ದಾಳೆ. ಭಾವ ಇಂದಿಗೂ ನೀರು ಹೊರುತ್ತಾರೆ.

ಮೈಸೂರಿನವನಾದ ನನಗೆ ಈ ವಿದ್ಯೆ ತೀರ ಹೊಸದೂ ಅಲ್ಲ. ಸಮಾಜಶಾಸ್ತ್ರದ ಎಂ.ಎನ್. ಶ್ರೀನಿವಾಸ್ 1916ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿದ ಮನುಷ್ಯ 1948ರಲ್ಲಿ ಇಲ್ಲೇ ಹತ್ತಿರದ ಕೊಡಗಹಳ್ಳಿಗೆ ಹೋಗಿ, ಊರ ಮುಖ್ಯಸ್ಥರ ಎತ್ತಿನ ಮನೆಯಲ್ಲಿ ಬಿಡಾರ ಹೂಡಿದರು. ಪುಸ್ತಕದಲ್ಲಿ ಆ ಊರಿಗೆ ರಾಂಪುರ ಎಂದು ಹೆಸರು ಬದಲಿಸಿದರು. ಎತ್ತಿನ ಮನೆಯೆಂದರೆ ಹಳ್ಳಿಯಲ್ಲಿ ಸಣ್ಣ ಜಾಗವಲ್ಲ. ಹೋಗುವವರು ಬರುವವರು ಅಲ್ಲಿ ನಿಂತು ಎರಡು ಮಾತಾಡಿಯೇ ಮುಂದೆ ಹೋಗುವುದು. ಪ್ರಶ್ನೆಪತ್ರಿಕೆ ಹಿಡಿದು ಮನೆಮನೆ ತಿರುಗುವವನಿಗೆ ವರ್ಷದಲ್ಲಿ ಸಿಗದ ಸುದ್ದಿ ಅಲ್ಲಿ ಒಂದು ಸಂಜೆಗೆ ಸಿಗುತ್ತದೆ. ಶ್ರೀನಿವಾಸ್ ಹಾಗೆ ಕಂಡದ್ದನ್ನೆಲ್ಲ ಬರೆದು, ವರ್ಷಗಟ್ಟಲೆ ಕೂತು ಒಪ್ಪಮಾಡಿ, ಮೂರು ಮೂರು ಪ್ರತಿ ತೆಗೆದಿಟ್ಟರು. 1970ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಸಂಸ್ಥೆಗೆ ಯಾರೋ ಬೆಂಕಿ ಹಚ್ಚಿದರು. ಮೂರು ಪ್ರತಿಯೂ ಒಂದೇ ಕೋಣೆಯಲ್ಲಿದ್ದವು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದ ನನಗೆ ಈ ಕತೆ ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೂರು ಪ್ರತಿ ಮಾಡುವುದೇ ಮೂರು ಕಡೆ ಇಡಲಿಕ್ಕಲ್ಲವೇ ಸ್ವಾಮಿ! ಕೊನೆಗೆ ಅವರು ನೆನಪಿನಿಂದಲೇ ಪುಸ್ತಕ ಬರೆದರು. ಅದೇ 1976ರಲ್ಲಿ ಬಂದ 'ದಿ ರಿಮೆಂಬರ್ಡ್ ವಿಲೇಜ್'. ಟಿಪ್ಪಣಿಗಳು ಸುಟ್ಟದ್ದು ಓದುಗರ ಪುಣ್ಯ ಎಂದು ನನ್ನ ಖಾಸಗಿ ಅಭಿಪ್ರಾಯ. ಆ ಪುಸ್ತಕದಲ್ಲಿ ಮನುಷ್ಯರು ಓಡಾಡುತ್ತಾರೆ, ಅಂಕಿಅಂಶಗಳಲ್ಲ.

ಹುಡುಗಿ ಸೋಮವಾರ ಬೆಳಗ್ಗೆ ಬಂದಳು. ಇಪ್ಪತ್ತಾರು ಇಪ್ಪತ್ತೇಳು ಇರಬೇಕು. ಜೊತೆಗೆ ಒಂದು ನೋಟುಪುಸ್ತಕ, ಅಂಗೈಯಗಲದ ಕ್ಯಾಮೆರಾ, ನಮ್ಮ ಸಹಿಗೆ ಒಂದು ಒಪ್ಪಿಗೆಪತ್ರ. ಸಹಿ ಎಂದರೆ ನನಗೆ ಓದದೆ ಹಾಕುವ ಅಭ್ಯಾಸವಿಲ್ಲ. ನಾಲ್ಕು ಪುಟವನ್ನೂ ಓದಿ, ಮೂರನೆಯ ಪುಟದಲ್ಲಿ ಒಂದು ಕಾಗುಣಿತದ ತಪ್ಪು ತೋರಿಸಿ, ಸಹಿ ಹಾಕಿದೆ. ಅವಳು ಅದನ್ನೂ ಬರೆದುಕೊಂಡಳು.

ಮೊದಲನೆಯ ದಿನದ ಅಡುಗೆಮನೆಯನ್ನು ನೀವು ನೋಡಬೇಕಿತ್ತು. ಇಷ್ಟು ವರ್ಷದಲ್ಲಿ ನಾನೇ ನೋಡಿರಲಿಲ್ಲ. ಕಟ್ಟೆಯ ಮೇಲೆ ಒಂದು ಚಮಚವೂ ಇಲ್ಲ. ಮಸಿಬಟ್ಟೆ ಮಾಯವಾಗಿತ್ತು. ಅದರ ಜಾಗದಲ್ಲಿ ಸೊಸೆ ಎಂದೋ ಅಮೆರಿಕದಿಂದ ತಂದುಕೊಟ್ಟಿದ್ದ ಹೂವಿನ ಚಿತ್ರದ ಕೈಗವಸುಗಳು ನೇತಾಡುತ್ತಿದ್ದವು. ನನ್ನ ಹೆಂಡತಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಸ್ತಪ್ರತಿ ಓದುವವರ ಹಾಗೆ ಕುಕ್ಕರಿನ ಜೊತೆ ಬಂದಿದ್ದ ಕೈಪಿಡಿಯನ್ನು ಕಟ್ಟೆಯ ಮೇಲೆ ತೆರೆದಿಟ್ಟಿದ್ದಳು. ಅದು ಹನ್ನೆರಡು ವರ್ಷದಿಂದ ಅಟ್ಟದ ಮೇಲಿತ್ತು. ತಾರೀಖು ಮುಗಿದ ಗ್ಯಾರಂಟಿ ಕಾರ್ಡೂ ಅದರೊಳಗಿತ್ತು.

"ಆಂಟಿ, ಬೇಳೆಗೆ ಎಷ್ಟು ವಿಷಲ್ ಹಾಕಿಸ್ತೀರಾ?"

"ಮೂರು" ಎಂದಳು ನನ್ನ ಹೆಂಡತಿ, ಪರೀಕ್ಷೆಯಲ್ಲಿ ಮೊದಲ ಬೆಂಚಿನ ಹುಡುಗಿಯಂತೆ.

ಅಂದು ಕುಕ್ಕರು ಮೂರೇ ಸಲ ಕೂಗಿತು. ಬೇಳೆ ಬೇಯಲಿಲ್ಲ. ಬೇಯದ ಬೇಳೆಯ ಹುಳಿಯನ್ನು ಮೂವರೂ ಚೆನ್ನಾಗಿದೆ ಎಂದು ಹೇಳಿಕೊಂಡು ಉಂಡೆವು. ಮಧ್ಯಾಹ್ನ ನಾನು ಆ ಹುಡುಗಿಗೆ ಕುಕ್ಕರಿನ ತತ್ತ್ವದ ಮೇಲೆ ಮುಕ್ಕಾಲು ಗಂಟೆ ಮಾತಾಡಿದೆ: ಒತ್ತಡ, ಕುದಿಯುವ ಬಿಂದು, ನಮ್ಮ ಮನೆಗೆ ಮೊದಲ ಕುಕ್ಕರು ಬಂದಾಗ ಅಜ್ಜಿ ಹಿತ್ತಲಿಗೆ ಓಡಿದ್ದು. ಅವಳು ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ. ಸ್ವಲ್ಪ ಬೇಜಾರಾಯಿತು.

ಎರಡನೆಯ ದಿನ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ನಾಟಕ ಕಳಚಿತು. ಗ್ಯಾಸಿನವನು ಬಂದ, ಕೆಲಸದವಳು ಬರಲಿಲ್ಲ, ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಇಷ್ಟರ ನಡುವೆ ಇಸ್ತ್ರಿ ಸೀರೆ ಹೋಗಿ ಮಾಸಲು ಸೀರೆ ಬಂತು. ಮಸಿಬಟ್ಟೆ ತನ್ನ ಮೊಳೆಗೆ ಮರಳಿತು. ಆಮೇಲೆ ಕುಕ್ಕರ್ ಮುಚ್ಚುವ ಹೊತ್ತು ಬಂತು. ನನ್ನ ಹೆಂಡತಿ ಫ್ರಿಜ್ಜಿನ ಬಾಗಿಲು ತೆರೆದು, ಮೇಲಿನ ಫ್ರೀಜರಿಗೆ ಕೈಹಾಕಿ, ಬಟಾಣಿ ಪೊಟ್ಟಣದ ಹಿಂದಿನಿಂದ ಕಪ್ಪು ರಬ್ಬರಿನ ಗ್ಯಾಸ್ಕೆಟ್ ತೆಗೆದು ಮುಚ್ಚಳಕ್ಕೆ ಸಿಕ್ಕಿಸಿದಳು.

ಹುಡುಗಿಯ ಪೆನ್ನು ನಿಂತಿತು. "ಆಂಟಿ, ಅದು… ಫ್ರೀಜರಲ್ಲಿ ಯಾಕಿತ್ತು?"

"ಯಾವುದು?"

"ಗ್ಯಾಸ್ಕೆಟ್ಟು."

"ಓ, ಅದಾ? ಅದು ಅಲ್ಲೇ ಇರೋದು." ಹೆಂಡತಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಉಪ್ಪು ಉಪ್ಪಿನ ಡಬ್ಬಿಯಲ್ಲಿರುತ್ತದೆ, ಗ್ಯಾಸ್ಕೆಟ್ಟು ಫ್ರೀಜರಿನಲ್ಲಿರುತ್ತದೆ. ಆಮೇಲೆ ಬಿಡಿಸಿ ಹೇಳಿದಳು: ಗ್ಯಾಸ್ಕೆಟ್ಟು ದಿನ ಹೋದಂತೆ ಸಡಿಲವಾಗುತ್ತದೆ, ಅಂಚಿನಲ್ಲಿ ಹಬೆ ಬಿಡುತ್ತದೆ, ತಣ್ಣಗಿಟ್ಟರೆ ಬಿಗಿಯಾಗುತ್ತದೆ, ಇನ್ನೂ ನಾಲ್ಕು ತಿಂಗಳು ಬರುತ್ತದೆ. ಯಾರು ಹೇಳಿಕೊಟ್ಟರು ಎಂದರೆ ಯಾರೂ ಇಲ್ಲ, ಎಲ್ಲರ ಮನೆಯಲ್ಲೂ ಹೀಗೇ. ಹಿಂದಿನ ದಿನ ಇದನ್ನೇಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ನೀನು ಗ್ಯಾಸ್ಕೆಟ್ ವಿಷಯ ಕೇಳಲೇ ಇಲ್ವಲ್ಲಮ್ಮ" ಎಂದಳು. ಅವಳು ಕೇಳುವುದಾದರೂ ಹೇಗೆ? ನಿಮ್ಮ ಗ್ಯಾಸ್ಕೆಟ್ ಫ್ರೀಜರಿನಲ್ಲಿದೆಯೇ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಯಾವ ಆಫೀಸಿನಲ್ಲಿ ಕೂತು ಬರೆಯಲಾದೀತು?

ಕೂಗಿನ ಲೆಕ್ಕವೂ ಅಂದೇ ಬಯಲಾಯಿತು. ಬೇಳೆಗೆ ಐದು. ಗ್ಯಾಸ್ಕೆಟ್ಟು ಹಳೆಯದಾದ್ದರಿಂದ ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, "ಅದು ಬರೀ ಕೆಮ್ಮು." ಕೈಪಿಡಿಗಳು ಹೇಳುವ ಕ್ರಮ ಬೇರೆ. ಒತ್ತಡ ಏರಿ ಒಂದು ಸಲ ಕೂಗಿದ ಮೇಲೆ ಉರಿ ಸಣ್ಣ ಮಾಡಿ ನಿಮಿಷದ ಲೆಕ್ಕದಲ್ಲಿ ಬೇಯಿಸಬೇಕು. ಕುಕ್ಕರು ಮಾಡಿದವರ ದೃಷ್ಟಿಯಲ್ಲಿ ಕೂಗು ಎಂದರೆ ಹೆಚ್ಚಾದ ಹಬೆ ಹೊರಹೋಗುವ ಸದ್ದು. ನಮ್ಮ ದೇಶದ ಅಡುಗೆಮನೆಯಲ್ಲಿ ಅದೇ ಗಡಿಯಾರ. ಗಡಿಯಾರ ನೋಡಲು ಅದರ ಮುಂದೆ ನಿಲ್ಲಬೇಕು, ಕೂಗು ಮನೆಯೆಲ್ಲ ಕೇಳುತ್ತದೆ. ದೇವರಮನೆಯಲ್ಲಿ ಕೂತು ಹೂವೇರಿಸುತ್ತ ನನ್ನ ಹೆಂಡತಿ ಒಂದು ಬೆರಳು ಮಡಿಸುತ್ತಾಳೆ. ಬಟ್ಟೆ ಒಣಹಾಕುತ್ತ ಇನ್ನೊಂದು. ಸ್ನಾನಕ್ಕೆ ಹೋಗುವುದಾದರೆ ಲೆಕ್ಕದ ಜವಾಬ್ದಾರಿ ನನಗೆ ವಹಿಸಿ ಹೋಗುತ್ತಾಳೆ. ನಮ್ಮ ದಾಂಪತ್ಯದ ಅರ್ಧ ಜಗಳ ಈ ಹಸ್ತಾಂತರದಲ್ಲೇ ಹುಟ್ಟಿದ್ದು. ಪೇಪರಿನ ಪದಬಂಧದಲ್ಲಿ ಮುಳುಗಿರುವಾಗ ಪಕ್ಕದ ಮನೆಯ ಕುಕ್ಕರೂ ಕೂಗಿಬಿಟ್ಟರೆ, ಎರಡು ಮನೆಯ ಜಮಾಖರ್ಚು ಒಂದೇ ಖಾತೆಗೆ ಬಿದ್ದು, ನಮ್ಮ ಬೇಳೆ ಅರೆಬೆಂದು ಇಳಿಯುತ್ತದೆ. ಅಂದು ಹುಡುಗಿಯ ಎದುರಿಗೇ ಹಾಗಾಯಿತು. "ರೀ, ಎಷ್ಟಾಯ್ತು?" ಎಂದು ಬಚ್ಚಲಿಂದ ದನಿ ಬಂತು. ನಾನು ಹುಡುಗಿಯ ಮುಖ ನೋಡಿದೆ. ಅವಳು ನೋಡಲು ಬಂದವಳೇ ಹೊರತು ಸಾಕ್ಷಿ ಹೇಳಲು ಬಂದವಳಲ್ಲ. "ನಾಲ್ಕು" ಎಂದೆ ಧೈರ್ಯವಾಗಿ. ಅವಳು ಬರೆದುಕೊಂಡಳು. ಏನು ಬರೆದಳೋ ದೇವರೇ ಬಲ್ಲ.

ಕುಕ್ಕರಿನ ಮಾತು ಬಂದದ್ದಕ್ಕೆ ಒಂದು ಹಳೆಯ ಸಂಗತಿ ಹೇಳಬೇಕು. ಒಂದು ಕಾಲದಲ್ಲಿ ಕುಕ್ಕರು ಸಿಡಿಯುವ ಸುದ್ದಿ ಆಗಾಗ ಬರುತ್ತಿತ್ತು. ಪ್ರೆಸ್ಟೀಜ್ ಕುಕ್ಕರಿನ ಟಿ.ಟಿ. ಜಗನ್ನಾಥನ್ ಕಾರಣ ಹುಡುಕಿದಾಗ ಕುಕ್ಕರಿನಲ್ಲಿ ದೋಷವಿರಲಿಲ್ಲ. ಒತ್ತಡ ಮಿತಿಮೀರಿದರೆ ಕರಗಿ ಹಬೆ ಬಿಡಬೇಕಾದ ಸೇಫ್ಟಿ ಪ್ಲಗ್ಗಿನ ಜಾಗದಲ್ಲಿ ಜನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನಕಲಿ ಪ್ಲಗ್ಗು ಹಾಕಿಸಿಕೊಂಡಿದ್ದರು. ಅದು ಕರಗುತ್ತಲೇ ಇರಲಿಲ್ಲ. ಇಂಥಲ್ಲಿ ಸಾಮಾನ್ಯ ಕಂಪನಿಯವರು ಏನು ಮಾಡುತ್ತಾರೆ? "ನಕಲಿ ಭಾಗ ಬಳಸಬೇಡಿ" ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಆ ಕೈಪಿಡಿ ಅಟ್ಟದ ಮೇಲಿರುತ್ತದೆ. ಜಗನ್ನಾಥನ್ ಮುಚ್ಚಳದ ಅಂಚಿನಲ್ಲಿ ಒಂದು ಸೀಳುಗಂಡಿ ಕೊರೆಸಿದರು. ಪ್ಲಗ್ಗು ಅಸಲಿಯೋ ನಕಲಿಯೋ, ಒತ್ತಡ ಅತಿಯಾದರೆ ಗ್ಯಾಸ್ಕೆಟ್ಟೇ ಆ ಗಂಡಿಯಿಂದ ಹೊರಗೆ ಉಬ್ಬಿ ಹಬೆಗೆ ದಾರಿ ಬಿಡುತ್ತದೆ. ನಿಮ್ಮ ಮನೆಯ ಮುಚ್ಚಳವನ್ನು ತಿರುಗಿಸಿ ನೋಡಿ, ಬಹುಶಃ ಆ ಗಂಡಿ ಇದ್ದೀತು. ಜನ ಅಗ್ಗದ ಪ್ಲಗ್ಗು ಕೊಳ್ಳುವುದು ಬಿಡುವುದಿಲ್ಲ ಎಂದು ಒಪ್ಪಿಕೊಂಡವನಿಗಷ್ಟೇ ಹೊಳೆಯುವ ಗಂಡಿ ಅದು.

ಒಪ್ಪಿಕೊಳ್ಳುವುದು ಕಷ್ಟ. ನಮ್ಮ ಶಾಖೆಗೆ ಎಟಿಎಂ ಬಂದಾಗ ಹೆಡ್ಡಾಫೀಸಿನವರು ಆರು ಹಂತದ ಚಿತ್ರಪಟವೊಂದನ್ನು ಗೋಡೆಗೆ ಅಂಟಿಸಿ ಹೋದರು. ಆ ಆರು ಹಂತವನ್ನು ಊರಿನ ಜನ ಎರಡಕ್ಕೆ ಇಳಿಸಿದರು. ಒಂದು, ಕಾರ್ಡನ್ನು ವಾಚ್‌ಮನ್ ಕೈಗೆ ಕೊಡುವುದು. ಎರಡು, ನಂಬರನ್ನು ಅವನ ಕಿವಿಯಲ್ಲಿ ಹೇಳುವುದು. ನಿಯಮದ ಪ್ರಕಾರ ಇದು ಮಹಾಪರಾಧ. ಆದರೆ ಆ ವಾಚ್‌ಮನ್ ಒಂದು ದಿನ ರಜೆ ಹಾಕಿದರೆ ಯಂತ್ರಕ್ಕೂ ರಜೆ. ಪಿಂಚಣಿಯ ಅಜ್ಜಿಯರು ಯಂತ್ರದಿಂದ ಹಣ ತೆಗೆಸಿಕೊಂಡು ನೇರ ನನ್ನ ಕೌಂಟರಿಗೆ ಬರುವರು: "ಸರಿಯಾಗೈತಾ ನೋಡಪ್ಪ." ನಾನು ಎಣಿಸಿ ಕೊಡುವೆ. ಸಾಲು ಕಡಿಮೆ ಮಾಡಲು ಬಂದ ಯಂತ್ರದಿಂದ ಸಾಲು ಎರಡಾಯಿತು. ಆರು ತಿಂಗಳಿಗೆ ಸಮೀಕ್ಷೆಯ ಫಾರಂ ಬಂತು: ಎಟಿಎಂ ಬಳಸಲು ಸುಲಭವಾಗಿದೆಯೇ, ಹೌದು ಅಥವಾ ಇಲ್ಲ. ನೂರಕ್ಕೆ ನೂರು ಹೌದು. ಈಗ ಪಿಂಚಣಿಗೆ ಭಯವಿಲ್ಲವಾದ್ದರಿಂದ ಹೇಳುತ್ತೇನೆ, ಅಷ್ಟೂ ಫಾರಂ ತುಂಬಿದವನು ನಾನೇ.

ನಮ್ಮ ಅಜ್ಜಿಯರು ಓದಿದವರಲ್ಲ, ಅದಕ್ಕೇ ಹಾಗೆ ಎನ್ನುವವರಿಗೆ ಅಮೆರಿಕದ ಒಂದು ಕತೆ ಇದೆ. 1980ರ ದಶಕದ ಆರಂಭದಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆ ಇದ್ದರು. ಕಂಪನಿಯ ಹೊಸ ನಕಲುಯಂತ್ರ ಬಲು ತೊಡಕು ಎಂದು ಗಿರಾಕಿಗಳ ದೂರು. ಹಸಿರು ಗುಂಡಿ ಒತ್ತಿದರೆ ಆಯಿತು ಎಂಬುದು ಕಂಪನಿಯವರ ಮಾತು. ಸಚ್‌ಮನ್ ಆ ಯಂತ್ರವನ್ನು ಸಂಶೋಧನಾ ಕೇಂದ್ರದೊಳಗೇ ತರಿಸಿ, ಅಲ್ಲಿಯ ವಿಜ್ಞಾನಿಗಳನ್ನೇ ಅದರ ಮುಂದೆ ನಿಲ್ಲಿಸಿ ಚಿತ್ರೀಕರಿಸಿದರು. ಹಾಳೆಯ ಎರಡೂ ಮಗ್ಗುಲಿಗೆ ಪ್ರತಿ ತೆಗೆಯಲು ಹೆಣಗಿದ ಇಬ್ಬರಲ್ಲಿ ಒಬ್ಬರು ಅಲೆನ್ ನ್ಯೂವೆಲ್, ಕೃತಕ ಬುದ್ಧಿಮತ್ತೆ ಎಂಬ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬರು! ಯಂತ್ರಕ್ಕೆ ಬುದ್ಧಿ ಕಲಿಸಲು ಹೊರಟವರಿಗೆ ಯಂತ್ರ ಬುದ್ಧಿ ಕಲಿಸಿತು. ಈ ಅಧ್ಯಯನ 1987ರಲ್ಲಿ ಪುಸ್ತಕವಾಯಿತು. ಆ ಚಿತ್ರ ಮೊದಲೇ ಸಿಕ್ಕಿದ್ದರೆ ನಮ್ಮ ಶಾಖೆಯಲ್ಲಿ ದಿನವೂ ಹಾಕಿ ಅಜ್ಜಿಯರಿಗೆ ತೋರಿಸುತ್ತಿದ್ದೆ.

ಎರಡನೆಯ ದಿನ ಸಂಜೆ ಕಾಫಿ ಹೊತ್ತಿಗೆ ಹುಡುಗಿ ಒಂದು ಕತೆ ಹೇಳಿದಳು, ಅವರ ವೃತ್ತಿಯವರೆಲ್ಲರಿಗೂ ಗೊತ್ತಿರುವ ಕತೆಯಂತೆ. ಬೋಸ್ಟನ್ನಿನ ಜಿಲೆಟ್ ಕಂಪನಿ ಭಾರತಕ್ಕೆಂದು ಒಂದು ರೇಜರ್ ಮಾಡಿತು. ಭಾರತೀಯರ ಗಡ್ಡ ಒರಟು, ದಿನವೂ ಹೆರೆಯುವವರು ಕಡಿಮೆ, ಕೂದಲು ಬ್ಲೇಡಿಗೆ ಸಿಕ್ಕಿಕೊಳ್ಳುತ್ತದೆ ಎಂದು ಅದನ್ನು ತಳ್ಳಿ ಹಾಕುವ ಒಂದು ಕಡ್ಡಿಯನ್ನೂ ಇಟ್ಟರು. ಪರೀಕ್ಷೆಗೆ ಭಾರತೀಯರು ಬೇಕಲ್ಲ? ಹೊಳೆಯಾಚೆಯ ಎಂಐಟಿಯಲ್ಲಿ ಓದುತ್ತಿದ್ದ ಭಾರತದ ಹುಡುಗರಿಗೆ ಕೊಟ್ಟರು. ಎಲ್ಲರೂ ಬಹಳ ಚೆನ್ನಾಗಿದೆ ಎಂದರು. ಭಾರತಕ್ಕೆ ತಂದರೆ ಜನರಿಗೆ ಹಿಡಿಸಲಿಲ್ಲ. ಎಂಐಟಿಯ ಹುಡುಗರು ಭಾರತೀಯರೇ, ಗಡ್ಡವೂ ಭಾರತದ್ದೇ. ನಲ್ಲಿ ಮಾತ್ರ ಅಮೆರಿಕದ್ದು.

ನಾನು ಕಾಫಿ ಲೋಟ ಕೆಳಗಿಟ್ಟೆ. ನಮ್ಮ ತಂದೆಯವರ ಕ್ಷೌರ ಕಣ್ಣಿಗೆ ಕಟ್ಟಿತು. ಜಗುಲಿಯ ಕಂಬಕ್ಕೆ ಮೊಳೆ, ಮೊಳೆಗೆ ಒಂದು ಮೂಲೆ ಒಡೆದ ಕನ್ನಡಿ. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ತಂದೆ. ಪಕ್ಕದಲ್ಲಿ ಹಿಡಿ ಮುರಿದ ಪಿಂಗಾಣಿ ಬಟ್ಟಲಲ್ಲಿ ನೀರು, ಒಂದೇ ಬಟ್ಟಲು. ಬ್ರಷ್ಷು ಅದ್ದುವುದೂ ಅದರಲ್ಲೇ, ರೇಜರ್ ಅಲ್ಲಾಡಿಸುವುದೂ ಅದರಲ್ಲೇ. ಎಡಗೆನ್ನೆ ಮುಗಿಯುವ ಹೊತ್ತಿಗೆ ನೀರು ಅಂಬಲಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಬಲಗೆನ್ನೆಗೂ ಅದೇ. ಮುಗಿದ ಮೇಲೆ ಆ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಹಾಕುವರು. ನಮ್ಮ ಮನೆಯ ಒಗ್ಗರಣೆಗೆ ವಿಶೇಷ ಘಮ ಇತ್ತೆಂದು ನೆಂಟರು ಹೊಗಳುತ್ತಿದ್ದದ್ದು ಅದಕ್ಕೋ ಏನೋ. ಧಾರೆಯಾಗಿ ಹರಿಯುವ ನಲ್ಲಿನೀರಿನ ಕೆಳಗೆ ತೊಳೆಯಬೇಕಾದ ರೇಜರು ಈ ಬಟ್ಟಲಿನಲ್ಲಿ ಏನು ಮಾಡೀತು? ಕಟ್ಟಿಕೊಂಡು ಕೂತಿತು. ಕೊನೆಗೆ 2008ರಲ್ಲಿ ಕಂಪನಿಯ ತಂಡ ಇಲ್ಲಿಗೇ ಬಂದು, ವಾರಗಟ್ಟಲೆ ಜನರ ಮನೆಗಳಲ್ಲಿ ಕೂತು, ಮಬ್ಬು ಬೆಳಕಲ್ಲಿ ನೆಲದ ಮೇಲೆ ಕೂತು ಒಂದು ಬಟ್ಟಲು ನೀರಲ್ಲಿ ಗಡ್ಡ ಹೆರೆಯುವವರನ್ನು ಕಣ್ಣಾರೆ ನೋಡಿತು. 2010ರಲ್ಲಿ ಬಂದ ಹೊಸ ರೇಜರಿಗೆ ಒಂದೇ ಬ್ಲೇಡು, ಅಲ್ಲಾಡಿಸಿದರೆ ಕೂದಲು ಉದುರುವಷ್ಟು ಅಗಲದ ಸಂದು, ನೇತುಹಾಕಲು ಹಿಡಿಯಲ್ಲೊಂದು ತೂತು. ಬೆಲೆ 15 ರೂಪಾಯಿ, ಬದಲಿ ಬ್ಲೇಡಿಗೆ 5. ತಂದೆಯವರು ಆ ಹೊತ್ತಿಗೆ ಇರಲಿಲ್ಲ. ಇದ್ದಿದ್ದರೆ ಐದು ರೂಪಾಯಿ ಜಾಸ್ತಿಯಾಯಿತು ಎನ್ನುತ್ತಿದ್ದರು.

ಇಷ್ಟೆಲ್ಲ ಹಣವಿರುವವರಿಗೆ ಮೊದಲೇ ಯಾಕೆ ತೋಚಲಿಲ್ಲ ಎಂದು ನನ್ನ ಹೆಂಡತಿ ಕೇಳಿದಳು. ನನಗನ್ನಿಸುವುದು, ಎಂಐಟಿಯ ಹುಡುಗರಲ್ಲಿ ನಲ್ಲಿಯ ಜೊತೆಗೆ ನಮ್ಮ ದಾಕ್ಷಿಣ್ಯವೂ ಇತ್ತು. ಇನ್ನೊಬ್ಬರು ಕೊಟ್ಟದ್ದನ್ನು ಚೆನ್ನಾಗಿಲ್ಲ ಎನ್ನುವ ಸಂಪ್ರದಾಯ ನಮ್ಮಲ್ಲಿಲ್ಲ. ಬೇಯದ ಬೇಳೆಯ ಹುಳಿಯನ್ನು ಹಿಂದಿನ ದಿನ ನಾವು ಮೂವರೂ ಹೇಗೆ ಉಂಡೆವು?

ಕರ್ನಾಟಕದ್ದೇ ಎರಡು ಮಾತು ಹೇಳದಿದ್ದರೆ ತಪ್ಪಾದೀತು. ಬೆಂಗಳೂರಿನಲ್ಲಿ 2005ರಲ್ಲಿ ಶುರುವಾದ ಮೈಕ್ರೋಸಾಫ್ಟ್ ಸಂಶೋಧನಾಲಯದ ಇಂದ್ರಾಣಿ ಮೇಧಿ, ಮನೆಗೆಲಸ ಮಾಡುವ ಹೆಂಗಸರಿಗಾಗಿ ಓದು ಬರಹ ಬೇಕಿಲ್ಲದ, ಕೆಲಸ ಹುಡುಕಿಕೊಡುವ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ರೂಪಿಸಲು ಬೆಂಗಳೂರಿನ ಕೊಳೆಗೇರಿಗಳಿಗೆ ಹೋಗಿ ಕೂತರು. ಅಕ್ಷರದ ಬದಲು ಚಿತ್ರ ಮತ್ತು ದನಿ. ಫೋಟೋಗಿಂತ ಕೈಯಲ್ಲಿ ಬರೆದ ಸರಳ ಚಿತ್ರ ಆ ಹೆಂಗಸರಿಗೆ ಬೇಗ ತಿಳಿಯುತ್ತಿತ್ತು. ಆದರೆ ನಿಜವಾದ ತೊಡಕು ಚಿತ್ರದ್ದಲ್ಲ. ಈ ಪೆಟ್ಟಿಗೆಗೆ ಯಾರ ಮನೆಯಲ್ಲಿ ಕೆಲಸ ಖಾಲಿ ಇದೆ ಎಂದು ಹೇಗೆ ಗೊತ್ತಾಯಿತು? ಅದೇ ಅವರಿಗೆ ತಿಳಿಯದ್ದು. ಎಷ್ಟು ನ್ಯಾಯವಾದ ಸಂಶಯ! ಹಾಗಾಗಿ ಮೊದಲಿಗೆ ಒಂದು ಸಣ್ಣ ಚಿತ್ರಕತೆ ಸೇರಿಸಬೇಕಾಯಿತು: ಮನೆಯೊಡತಿ ಕೆಲಸದವರು ಬೇಕೆಂದು ತಿಳಿಸುತ್ತಾಳೆ, ಅದು ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿಂದ ನಿಮಗೆ. ಅದೇ ಸಂಶೋಧನಾಲಯದಲ್ಲಿ 2006ರಲ್ಲಿ ಹುಟ್ಟಿದ ಡಿಜಿಟಲ್ ಗ್ರೀನ್ ಎಂಬ ಪ್ರಯತ್ನ ನಮ್ಮ ಹಳ್ಳಿಗಳಲ್ಲಿ ರೈತರಿಗೆ ಬೇಸಾಯದ ವಿಡಿಯೋ ತೋರಿಸಹೊರಟಿತು. ವಿಡಿಯೋ ನೋಡಿದ ರೈತರು ಮೊದಲು ಕೇಳುತ್ತಿದ್ದ ಪ್ರಶ್ನೆ ಗೊಬ್ಬರದ್ದಲ್ಲ, ಬೀಜದ್ದಲ್ಲ. ಅವನ ಹೆಸರೇನು, ಯಾವೂರವನು? ಅಷ್ಟು ಗೊತ್ತಾದ ಮೇಲೆ ತಾನೇ ಅವನ ಮಾತನ್ನು ನಂಬುವುದೋ ಬಿಡುವುದೋ. ಆದ್ದರಿಂದ ವಿಜ್ಞಾನಿಗಳನ್ನು ಬಿಟ್ಟು ಅಕ್ಕಪಕ್ಕದ ಊರಿನ ರೈತರನ್ನೇ ವಿಡಿಯೋದಲ್ಲಿ ನಿಲ್ಲಿಸಿದರು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರನ್ನು ಯಾವೂರಾಯ್ತು ಎಂದು ಕೇಳದೆ ಟಿಕೆಟ್ಟೂ ತೆಗೆದುಕೊಳ್ಳದ ಜನ ನಾವು.

ಹಾಗೆಂದು ಕೂತು ನೋಡಿದವರೆಲ್ಲ ಗೆದ್ದರು ಎನ್ನುವಂತಿಲ್ಲ. ಗೋದ್ರೆಜ್ ಕಂಪನಿ ಮಹಾರಾಷ್ಟ್ರದ ಹಳ್ಳಿಯ ಹೆಂಗಸರನ್ನು ಸೇರಿಸಿಕೊಂಡು ಒಂದು ಪುಟ್ಟ ಫ್ರಿಜ್ಜು ಮಾಡಿತು, ಹೆಸರು ಛೋಟುಕೂಲ್. ಮೇಲಿನಿಂದ ತೆರೆಯುವ ಮುಚ್ಚಳ, ಎಂಟು ಕಿಲೋಗೂ ಕಡಿಮೆ ತೂಕ, ಕರೆಂಟು ಹೋದರೆ ಬ್ಯಾಟರಿ, ಬೆಲೆ 3,250 ರೂಪಾಯಿ. ಯಾವ ಪರೀಕ್ಷೆಯಲ್ಲೂ ಕುಂದಿಲ್ಲದ ಪದಾರ್ಥ. ಹಳ್ಳಿಯಲ್ಲಿ ನಿರೀಕ್ಷಿಸಿದಷ್ಟು ಹೋಗಲಿಲ್ಲ. ಆಮೇಲೆ ಅದನ್ನು ಕಾರಿನಲ್ಲಿ ಇಟ್ಟುಕೊಳ್ಳಲು, ಪಿಕ್ನಿಕ್ಕಿಗೆ ಒಯ್ಯಲು ಎಂದು ಪೇಟೆಯವರಿಗೆ ಮಾರಿದರು. ನಾನು ಇದಕ್ಕೆ ದೊಡ್ಡ ಕಾರಣ ಹುಡುಕುತ್ತಿದ್ದಾಗ ಹೆಂಡತಿ ಬೀನ್ಸ್ ಹೆಚ್ಚುತ್ತಲೇ ತೀರ್ಪು ಕೊಟ್ಟಳು: "ಫ್ರಿಜ್ಜು ಅಂದ್ರೆ ತರಕಾರಿ ಇಡೋಕೆ ಮಾತ್ರಾನಾ? ನಾಲ್ಕು ಜನ ಬಂದಾಗ ನಡುಮನೇಲಿ ಎತ್ತರವಾಗಿ ಕಾಣಬೇಕು. ಇದು ನೋಡಿದ್ರೆ ಅಕ್ಕಿ ಡಬ್ಬದ ಥರ ಇದೆ." ನಮ್ಮ ಮೊದಲ ಫ್ರಿಜ್ಜು ಒಂಬತ್ತು ವರ್ಷ ನಡುಮನೆಯಲ್ಲಿತ್ತು, ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂದಾನಿ. ಹುಡುಗಿ ಕ್ಯಾಮೆರಾ ಮುಚ್ಚಿದ್ದರೂ ಇದನ್ನು ಮಾತ್ರ ಬರೆದುಕೊಂಡಳು.

ಮೂರನೆಯ ದಿನ ಅವಳು ನೋಡುವವಳಾಗಿ ಉಳಿಯಲಿಲ್ಲ. ನನ್ನ ಹೆಂಡತಿ ಅವಳ ಕೈಗೆ ಈಳಿಗೆಮಣೆ ಕೊಟ್ಟು, ಅವಳು ಹೆದರಿದ್ದು ನೋಡಿ ನಕ್ಕು, ಕಾಯಿ ತುರಿಯುವುದು ಹೇಳಿಕೊಟ್ಟಳು. ಇಬ್ಬರೂ ನೆಲದ ಮೇಲೆ ಕೂತು ಏನೇನೋ ಮಾತಾಡಿಕೊಂಡರು. ಕ್ಯಾಮೆರಾ ಸಕ್ಕರೆ ಡಬ್ಬದ ಮೇಲೆ ತನ್ನಷ್ಟಕ್ಕೆ ತಾನು ಓಡುತ್ತಿತ್ತು. ಅವಳ ತಾಯಿಗೆ ಮೊಣಕಾಲು ನೋವಂತೆ, ಕುಕ್ಕರ್ ಎತ್ತಿ ಇಳಿಸಲು ಆಗುವುದಿಲ್ಲವಂತೆ. ನನ್ನ ಹೆಂಡತಿಗೂ ಹಾಗೇ. ಐದು ಲೀಟರಿನ ಕುಕ್ಕರನ್ನು ತುಂಬಿದಾಗ ಒಂದೇ ಹಿಡಿಯಲ್ಲಿ ಎತ್ತಬೇಕು, ಮಣಿಕಟ್ಟು ತಿರುಗಿದ ಹಾಗಾಗುತ್ತದೆ, ಅದಕ್ಕೇ ಎದುರು ಅಂಚಿಗೆ ಮಸಿಬಟ್ಟೆ ಹಿಡಿದು ಎರಡು ಕೈಯಲ್ಲಿ ಎತ್ತುವುದು. ಎರಡು ಮೂರು ವರ್ಷದಿಂದ ಹೀಗೆ ಎತ್ತುತ್ತಿದ್ದಾಳೆ. ಅದೇ ಮನೆಯಲ್ಲಿ, ಅದೇ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುವ ನಾನು ಅದನ್ನು ನೋಡಿರಲಿಲ್ಲ. ಮಸಿಬಟ್ಟೆ ಕೊಳೆ ಎಂದು ಎರಡು ಸಲ ಆಕ್ಷೇಪಿಸಿದ್ದೆ, ಅಷ್ಟೇ. ಅವತ್ತಿನಿಂದ ಕುಕ್ಕರ್ ಇಳಿಸುವ ಕೆಲಸ ನನ್ನದು. ಕೂಗು ಎಣಿಸುವ ಕೆಲಸದಿಂದ ಬಡ್ತಿ ಎಂದು ಭಾವಿಸಿದ್ದೇನೆ.

ಹುಡುಗಿ ಹೊರಡುವಾಗ ಹೆಂಡತಿ ಅರಿಶಿನ ಕುಂಕುಮ ಕೊಟ್ಟು, ಒಂದು ಡಬ್ಬಿ ಚಟ್ನಿಪುಡಿ ಕಟ್ಟಿಕೊಟ್ಟಳು. ಅವಳು ಕಂಪನಿಯ ಕಡೆಯಿಂದ ಸಾವಿರ ರೂಪಾಯಿಯ ಕೂಪನ್ನು ಕೊಟ್ಟಳು. ಅದನ್ನು ಬಳಸಲು ಒಂದು ಆ್ಯಪ್ ಹಾಕಿಕೊಳ್ಳಬೇಕಿತ್ತು, ಆ್ಯಪು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವಷ್ಟರಲ್ಲಿ ಅವಧಿ ಮುಗಿಯಿತು. ಅದನ್ನು ಮಾಡಿದವರು ಯಾರ ಮನೆಯಲ್ಲೂ ಕೂತು ನೋಡಿದಂತಿಲ್ಲ.

ಏಳೆಂಟು ತಿಂಗಳ ಮೇಲೆ ಆ ಕುಕ್ಕರು ಅಂಗಡಿಗೆ ಬಂತು. ಎದುರು ಮಗ್ಗುಲಿಗೆ ಒಂದು ಪುಟ್ಟ ಹಿಡಿ ಇದೆ. ಕೂಗು ಎಣಿಸಿ ಅಂಕಿ ತೋರಿಸುವ ಒಂದು ಚಿಕ್ಕ ಕಿಟಕಿಯೂ ಇದೆ. ಅದನ್ನು ನೋಡಲು ಕುಕ್ಕರಿನ ಮುಂದೆಯೇ ನಿಲ್ಲಬೇಕು, ಹಾಗಾಗಿ ಯಾರಿಗಾಗಿ ಮಾಡಿದರೋ ತಿಳಿಯದು. ಆದರೆ ಆ ಹಿಡಿ ಒಳ್ಳೆಯದು. ಅಣ್ಣನ ಮಗಳು ಅವರ ಆಫೀಸಿನಲ್ಲಿ ತೋರಿಸಿದ ಒಂದು ಚಿತ್ರ ಕಳಿಸಿದ್ದಳು: ಕುಕ್ಕರ್ ಎತ್ತುತ್ತಿರುವ ಎರಡು ಕೈ, ಒಂದರಲ್ಲಿ ಮಸಿಬಟ್ಟೆ, ಕೆಳಗೆ 'ಗೃಹಿಣಿ, 62 ವರ್ಷ, ಮೈಸೂರು' ಎಂಬ ಬರಹ. ಮುಖವಿಲ್ಲ, ಹೆಸರಿಲ್ಲ, ಒಪ್ಪಿಗೆಪತ್ರದಲ್ಲಿ ಹೇಳಿದಂತೆಯೇ.

ಹೆಂಡತಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಫೋಟೋ ತೆಗೀತಾರೆ ಅಂದಿದ್ರೆ ಆ ಬಟ್ಟೆ ಒಗೆದು ಹಾಕಿರ್ತಿದ್ದೆ" ಎಂದಳು. ಸ್ವಲ್ಪ ತಡೆದು, "ವಯಸ್ಸು ಯಾಕೆ ಹಾಕ್ಬೇಕಿತ್ತು?"

ನಿಮ್ಮ ಮನೆಗೂ ಇಂಥವರು ಬಂದಾರು. ಬಂದರೆ ಕಟ್ಟೆ ಒರೆಸಬೇಡಿ, ಕೈಪಿಡಿ ಹುಡುಕಬೇಡಿ, ಫ್ರೀಜರಿನಲ್ಲಿರುವ ಗ್ಯಾಸ್ಕೆಟ್ಟು ಅಲ್ಲೇ ಇರಲಿ. ವಯಸ್ಸು ಮಾತ್ರ ಎರಡು ವರ್ಷ ಕಮ್ಮಿ ಬರೆಸಿ.